ರವಿಕೆಯೊಳಗಿನ ರಟ್ಟು

ಆ ಕೆಲಸವನ್ನು ನಾನು ಒಪ್ಪಿಕೊಂಡದ್ದು ಪುಣ್ಯ ಕಟ್ಟಿಕೊಳ್ಳಲಿಕ್ಕಲ್ಲ. ಡಿಸೆಂಬರಿನಲ್ಲಿ ಕಾಲೇಜು ಯೂನಿಫಾರ್ಮಿನ ಹೊಲಿಗೆ ಇರುವುದಿಲ್ಲ, ಕೈ ಖಾಲಿ ಇತ್ತು, ಅಷ್ಟೆ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ನನ್ನ ಹೊಲಿಗೆ ಅಂಗಡಿಗೆ ಬಂಟ್ವಾಳದಿಂದ ಒಬ್ಬರು ಮೇಡಂ ಬಂದರು. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಅವರೂ ಅವರ ನಾಲ್ಕೈದು ಗೆಳತಿಯರೂ ಸೇರಿ, ಸ್ತನ ಕ್ಯಾನ್ಸರಿನ ಆಪರೇಷನ್ ಆಗುವ ನಮ್ಮ ಕಡೆಯ ಹೆಂಗಸರಿಗೆ ಬೇಕಾದ ಸಾಮಾನುಗಳನ್ನು ಒಂದು ಚೀಲದಲ್ಲಿ ಹಾಕಿ ಉಚಿತವಾಗಿ ಕೊಡಲು ಹೊರಟಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಇಷ್ಟು ಕಡೆಗೆ. ಅಂಗಡಿಯಲ್ಲಿ ನಾವಿಬ್ಬರು ಹೆಂಗಸರೇ ಇದ್ದರೂ ರೋಗದ ಹೆಸರು ಹೇಳುವಾಗ ಮೇಡಂ ದನಿ ಇಳಿಸಿ ಬಾಗಿಲ ಕಡೆ ನೋಡಿದರು. ಆಮೇಲೆ ‘ಅಲ್ಲಿಯ ಆಪರೇಷನ್’ ಎಂದೇ ಮಾತು ಮುಂದುವರಿಸಿದರು, ನಾನೂ ಹಾಗೆಯೇ ಹೇಳಿದೆ.

ಚೀಲದಲ್ಲಿ ಏನೇನು ಇರಬೇಕು ಎಂದು ಅವರು ಬರೆದುಕೊಂಡು ಬಂದಿದ್ದರು. ಎದುರಿನಿಂದ ತೆರೆಯುವ, ಕೊಕ್ಕೆಯ ಬದಲು ಒತ್ತುವ ಬಟನ್ ಇರುವ ಮೆತ್ತನೆ ಬಟ್ಟೆಯ ಎರಡು ರವಿಕೆ. ಕಂಕುಳಿನ ಕೆಳಗೆ ಇಟ್ಟುಕೊಳ್ಳಲು ಒಂದು ಸಣ್ಣ ದಿಂಬು. ತೆಗೆದ ಕಡೆ ಒಳಗೆ ಇಟ್ಟುಕೊಳ್ಳಲು ಹತ್ತಿ ತುಂಬಿದ ಒಂದು ಉಂಡೆ, ಅದು ಜಾರದ ಹಾಗೆ ರವಿಕೆಯ ಒಳಗಡೆಯೇ ಒಂದು ಜೇಬು. ಆಪರೇಷನ್ ಆದ ಮೇಲೆ ಕೆಲವು ದಿನ ಗಾಯದ ಒಳಗಿಂದ ಒಂದು ಟ್ಯೂಬ್ ಹೊರಗೆ ಬಂದಿರುತ್ತದಂತೆ, ಅದರ ತುದಿಯಲ್ಲಿ ಕೆಂಪು ನೀರು ತುಂಬುವ ಡಬ್ಬಿ. ಆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಓಡಾಡಲು ಒಂದು ಪುಟ್ಟ ಚೀಲ. ಮೈ ಒರೆಸಲು ಒಂದು ತೆಳು ಬೈರಾಸು. ಕೊನೆಗೆ ಮೇಡಂ ಒಂದು ಕಟ್ಟು ರಟ್ಟಿನ ಹಾಳೆ ಎತ್ತಿ ಮೇಜಿನ ಮೇಲೆ ಇಟ್ಟರು. ಅದರಲ್ಲಿ ಗೋಡೆಗೆ ಕೈ ಇಟ್ಟು ನಿಂತ ಹೆಂಗಸಿನ ಚಿತ್ರಗಳಿದ್ದವು, ಕೆಳಗೆ ಏನೋ ಬರೆದಿತ್ತು.

“ಇದು ಎಲ್ಲದಕ್ಕೂ ಒಂದೊಂದು ಹಾಕಿ ಮಾರಾಯ್ರೆ. ಮರೀಬೇಡಿ” ಎಂದರು.

ನಾನು ಮರೆಯಲಿಲ್ಲ. ಓದಲೂ ಇಲ್ಲ.

ಹೊಸ ರವಿಕೆಯನ್ನು ಮಡಚುವಾಗ ಒಳಗೆ ಒಂದು ರಟ್ಟು ಇಟ್ಟು, ಅದರ ಸುತ್ತ ಮಡಚಿ, ನಾಲ್ಕು ಗುಂಡುಸೂಜಿ ಚುಚ್ಚುವುದು ನನ್ನ ಅಂಗಡಿಯ ಕ್ರಮ. ಸುಕ್ಕಾಗುವುದಿಲ್ಲ, ಕೊಡುವಾಗ ನೋಡಲಿಕ್ಕೂ ಚಂದ. ಮೇಡಂ ಕೊಟ್ಟ ಹಾಳೆ ಸರಿಯಾಗಿ ಆ ಅಳತೆಗೇ ಇತ್ತು. ಧರ್ಮದ ಚೀಲ ಎಂದು ಹೇಗೋ ತುರುಕಿ ಕೊಡುವುದು ನನಗೆ ಸೇರುವುದಿಲ್ಲ. ಹಾಗಾಗಿ ಒಂದೊಂದು ಚೀಲದ ರವಿಕೆಯನ್ನೂ ಇಸ್ತ್ರಿ ಮಾಡಿ, ಆ ಹಾಳೆಯನ್ನೇ ರಟ್ಟಾಗಿ ಒಳಗೆ ಇಟ್ಟು, ಮದುವೆ ಮನೆಗೆ ಕಳಿಸುವ ಹಾಗೆ ಮಡಚಿ ಕಳಿಸಿದೆ. ಮೇಡಂಗೆ ಖುಷಿಯೋ ಖುಷಿ. ನಾನೂ ಉಬ್ಬಿದೆ.

ಅಳತೆಗೆ ತೊಂದರೆ ಇರಲಿಲ್ಲ. ನಮ್ಮಲ್ಲಿ ಟೇಪು ಹಿಡಿಸಿಕೊಳ್ಳುವವರು ಕಡಿಮೆ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆ ತಂದು ಕೊಟ್ಟರೆ ಆಯಿತು, ಅದೇ ಅಳತೆ ರವಿಕೆ. ಆಪರೇಷನ್ ನಿಶ್ಚಯವಾದವರ ಮನೆಯಿಂದ ಮೇಡಂ ಅಳತೆ ರವಿಕೆ ತಂದು ಕೊಡುತ್ತಿದ್ದರು. ಇದು ಗಾಯದ ಮೇಲೆ ಹಾಕುವಂಥದ್ದಲ್ಲವಾ ಎಂದು ನಾನು ಎದೆಯ ಸುತ್ತು ಎರಡು ಇಂಚು ಜಾಸ್ತಿ ಇಟ್ಟು, ಕಂಕುಳ ಅರ್ಧ ಇಂಚು ಇಳಿಸಿ, ಒಳಗೆ ಧಾರಾಳ ಬಟ್ಟೆ ಬಿಟ್ಟು ಹೊಲಿದೆ. ಮಾರ್ಚ್ ಆಗುವಾಗ ಇಪ್ಪತ್ತಮೂರು ಚೀಲ ಹೋಗಿತ್ತು.

ಆಮೇಲೆ ಸುರುವಾಯಿತು ನನ್ನ ತಲೆಬಿಸಿ.

ಮೊದಲು ಬೆಳ್ತಂಗಡಿ ಕಡೆಯ ಒಬ್ಬರು ಟೀಚರ್ ರವಿಕೆ ವಾಪಸು ಕಳಿಸಿದರು. ಕಂಕುಳಿನ ಹತ್ತಿರ ಎಳೆಯುತ್ತದೆ ಎಂದು ಮೇಡಂ ಹೇಳಿದರು. ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಬಿಡಿಸಿ ಕೊಟ್ಟೆ. ಅದೇ ವಾರ ಬಂಟ್ವಾಳದಿಂದ ಇನ್ನೆರಡು ಬಂದವು, ಅವೂ ಕಂಕುಳವೇ. ನಂತರ ಟೀಚರರ ರವಿಕೆ ಎರಡನೇ ಸಲ ಬಂತು. ‘ಎದೆ ಸಡಿಲ, ಕಂಕುಳ ಬಿಗಿ’ ಎಂದು ಚೀಟಿ. ಒಂದೇ ರವಿಕೆ ಒಂದು ಕಡೆ ಸಡಿಲ, ನಾಲ್ಕು ಬೆರಳು ಆಚೆ ಬಿಗಿ ಎಂದರೆ ಎಂತದು? ನಾನು ಮೇಡಂಗೆ ಫೋನ್ ಮಾಡಿ, ಸರಿಯಾಗಿ ಎಲ್ಲಿ, ಯಾವಾಗ, ಹೇಗೆ ಎಳೆಯುತ್ತದೆ ಎಂದು ಕೇಳಿದೆ. ಅವರು, “ಅದು... ಅಲ್ಲಿಯೇ. ನಿಮಗೆ ಗೊತ್ತಾಗ್ತದಲ್ವಾ” ಎಂದರು. ನನಗೆ ಸುತಾರಾಂ ಗೊತ್ತಾಗಲಿಲ್ಲ.

ಮೊದಲು ಬಟ್ಟೆಯ ಮೇಲೆ ಸಂಶಯ ಬಂತು. ಒಗೆದಾಗ ಕುಗ್ಗಿರಬೇಕು. ಉಳಿದ ಬಟ್ಟೆಯಿಂದ ಒಂದು ಮೊಳ ಕತ್ತರಿಸಿ, ಅಂಚಿಗೆ ಗುರುತು ಹಾಕಿ, ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ ಅಳೆದೆ. ಒಂದು ನೂಲಿನಷ್ಟೂ ಕುಗ್ಗಿರಲಿಲ್ಲ. ಆಮೇಲೆ ಟೇಪಿನ ಮೇಲೆ ಸಂಶಯ ಬಂತು. ಹಳೆಯ ಟೇಪು ಎಳೆದು ಎಳೆದು ಉದ್ದವಾಗುವುದುಂಟು. ಪೇಟೆಗೆ ಹೋಗಿ ಹೊಸ ಟೇಪು ತಂದು ಎರಡನ್ನೂ ಮೇಜಿನ ಮೇಲೆ ಜೊತೆಗೆ ಮಲಗಿಸಿದೆ, ಎರಡೂ ಒಂದೇ. ಕೊನೆಗೆ ನನ್ನ ಮೇಲೆಯೇ ಸಂಶಯ. ಐವತ್ತೆರಡು ವರ್ಷ ಆಯಿತು, ಕಣ್ಣು ಮಂಜಾಗಿದೆಯೋ ಎಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ತೋರಿಸಿಕೊಂಡೂ ಬಂದೆ. ಅವನು ಎಲ್ಲಾ ಸರಿ ಉಂಟು ಎಂದ. ಸರಿ ಇಲ್ಲ ಎಂದಿದ್ದರೆ ಸಮಾಧಾನವಾಗುತ್ತಿತ್ತು.

ಟೀಚರರ ರವಿಕೆ ಮೂರನೇ ಸಲ ಬಂದಾಗ ನಾನು ಕತ್ತರಿಯನ್ನು ಮೇಜಿಗೆ ಕುಕ್ಕಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಮೇಡಂಗೆ ಫೋನ್ ಮಾಡಿ, ರವಿಕೆ ಬರುವುದು ಬೇಡ, ರವಿಕೆಯ ಒಳಗಿನವರು ಬರಲಿ, ಇಲ್ಲದಿದ್ದರೆ ಈ ಕೆಲಸ ಬೇರೆಯವರಿಗೆ ಕೊಡಿ ಎಂದೆ. ಹೇಳಿ ಇಟ್ಟ ಮೇಲೆ ನಾಚಿಕೆಯಾಯಿತು. ರೋಗದಲ್ಲಿರುವವರನ್ನು ಬಸ್ಸಿನಲ್ಲಿ ಬರಲು ಹೇಳುವುದಾ?

ಆದರೆ ಅವರು ಬಂದರು. ಏಪ್ರಿಲ್ ಕೊನೆಯ ವಾರ, ವೇಣೂರು ದಾರಿಯ ಬಸ್ಸಿನಲ್ಲಿ, ಒಬ್ಬರೇ. ನಲವತ್ತರ ಆಚೀಚೆಯ ಹೆಂಗಸು, ಅಚ್ಚುಕಟ್ಟು ಸೀರೆ, ಸೆರಗನ್ನು ಬಲಗಡೆಗೂ ಎಳೆದು ಹೊದ್ದುಕೊಂಡಿದ್ದರು. ಆಪರೇಷನ್ ಜನವರಿಯಲ್ಲಿ, ಬಲಗಡೆ. ಗಡ್ಡೆ ಸಣ್ಣದಿರುವಾಗಲೇ ಗೊತ್ತಾದ ಕಾರಣ ಇನ್ನು ಮಾತ್ರೆ ಸಾಕು ಎಂದಿದ್ದಾರೆ ಎಂದರು. ರೋಗದ ಮಾತನ್ನು ಅಷ್ಟಕ್ಕೇ ಮುಗಿಸಿದರು. ಅವರಿಗೆ ಇದ್ದ ಚಿಂತೆ ಬೇರೆ. ಮೇ ಕೊನೆಗೆ ಶಾಲೆ ಸುರುವಾಗುತ್ತದೆ. ಮೂರನೇ ಕ್ಲಾಸು ಅವರದ್ದು. ಹೆಡ್‌ಮಾಸ್ಟರರಿಗೆ ಬಿಟ್ಟರೆ ಯಾರಿಗೂ ವಿಷಯ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಎಲ್ಲರ ಎದುರು ಮೊದಲಿನ ಹಾಗೆಯೇ ನಿಂತು ಪಾಠ ಮಾಡಬೇಕು.

“ಬೋರ್ಡಿನಲ್ಲಿ ಬರೀಲಿಕ್ಕೆ ಕೈ ಎತ್ತಿದ್ರೆ ಎಳೀತದೆ ಅಕ್ಕ. ಇಷ್ಟೇ ಹೋಗುವುದು” ಎಂದು ಕೈ ಎತ್ತಿ ತೋರಿಸಿದರು. ಕೈ ಹೆಗಲಿನಷ್ಟು ಎತ್ತರಕ್ಕೆ ಬಂದು ನಿಂತಿತು. “ಬೋರ್ಡಿನ ಮೇಲಿನ ಮೂಲೆಯಲ್ಲಿ ದಿನಾ ದಿನಾಂಕ ಬರೀಬೇಕು ನಾನು. ಅಲ್ಲಿವರೆಗೆ ಕೈ ಹೋಗದ ಟೀಚರ್ ಎಂತದಕ್ಕೆ?”

ಪರದೆ ಎಳೆದು ರವಿಕೆ ತೆಗೆಯಲು ಹೇಳಿದೆ. ಇಷ್ಟು ಚೀಲ ಹೊಲಿದಿದ್ದೆನಲ್ಲ, ಅಂಥ ಗಾಯವನ್ನು ನಾನು ನೋಡಿದ್ದು ಅವತ್ತೇ. ಎದೆಯ ಮಧ್ಯದಿಂದ ಕಂಕುಳವರೆಗೆ ಒಂದು ಗೆರೆ, ಅದರ ಸುತ್ತ ಚರ್ಮ ಬಿಗಿದು ಹೊಳೆಯುತ್ತಿತ್ತು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಅವರಿಗೆ ಗೊತ್ತಾಯಿತು. “ನೋಡಿ ಪರವಾಗಿಲ್ಲ, ನೋಡದಿದ್ರೆ ಹೊಲಿಯುವುದು ಹೇಗೆ?” ಎಂದರು. ಆಗ ಸರಿಯಾಗಿ ನೋಡಿದೆ. ಎದೆ ಸಡಿಲ ಏಕೆ ಎಂಬುದು ತಕ್ಷಣ ತಿಳಿಯಿತು. ನಾನು ಹೊಲಿದದ್ದು ಆಪರೇಷನ್‌ಗೆ ಮೊದಲಿನ ಅಳತೆ ರವಿಕೆ ನೋಡಿ. ಎದೆಯ ಉಬ್ಬಿಗೆಂದು ಹಿಡಿಯುವ ಮಡಿಕೆಯನ್ನು ಬಲಗಡೆಗೂ ಎಡಗಡೆಗೂ ಒಂದೇ ಹಾಗೆ ಹಿಡಿದಿದ್ದೆ. ಹತ್ತಿಯ ಉಂಡೆ ಹಗುರ, ಅದು ಬಟ್ಟೆಯನ್ನು ತುಂಬುವುದಿಲ್ಲ, ಮೇಲಕ್ಕೆ ಏರುತ್ತದೆ. ಆದರೆ ಕಂಕುಳ ಬಿಗಿ ಯಾಕೆ ಎಂಬುದು ಮಾತ್ರ ಅರ್ಥವಾಗಲಿಲ್ಲ. ರವಿಕೆಯನ್ನು ಮತ್ತೆ ಹಾಕಿಸಿ ನೋಡಿದರೆ ಬಟ್ಟೆ ಮತ್ತು ಮೈಯ ನಡುವೆ ನನ್ನ ಮೂರು ಬೆರಳು ಸಲೀಸಾಗಿ ಹೋಗುತ್ತಿತ್ತು.

ಅವತ್ತೇ ಕೂತು ಬಲಗಡೆಯ ಮಡಿಕೆ ಬಿಡಿಸಿ ಚಪ್ಪಟೆ ಮಾಡಿದೆ, ಉಂಡೆ ಮೇಲಕ್ಕೆ ಜಾರದ ಹಾಗೆ ಜೇಬಿನ ಬಾಯಿ ಕಿರಿದು ಮಾಡಿದೆ, ಕಂಕುಳಿನ ಕೆಳಗೆ ತೋಳು ಸೇರುವಲ್ಲಿ ಬಿಚ್ಚಿ ಅಂಗೈಯಗಲದ ಚೌಕದ ತುಂಡು ಕೂಡಿಸಿದೆ. ಆ ಚೌಕ ಕೂಡಿಸಿದರೆ ಮರ ಹತ್ತುವವನ ಅಂಗಿಯೂ ಎಳೆಯುವುದಿಲ್ಲ. ಟೀಚರ್ ಹಾಕಿಕೊಂಡು ಕೈ ಎತ್ತಿದರು. ಬಟ್ಟೆ ಎಲ್ಲೂ ಎಳೆಯಲಿಲ್ಲ. ಕೈ ಮಾತ್ರ ಹೆಗಲಿನ ಮಟ್ಟಕ್ಕೆ ಬಂದು ನಿಂತಿತು. ಇಬ್ಬರೂ ಕನ್ನಡಿಯಲ್ಲಿ ಮುಖ ಮುಖ ನೋಡಿಕೊಂಡೆವು.

“ಇನ್ನೊಂದು ಅರ್ಧ ಇಂಚು ಬಿಟ್ರೆ?” ಎಂದರು ಅವರು.

ಬಿಡಲು ಇನ್ನು ಬಟ್ಟೆಯೇ ಇರಲಿಲ್ಲ. ಆದರೂ ನೋಡುವ ಎಂದೆ. ಮನೆಯಲ್ಲಿ ಸಡಿಲ ನೈಟಿ ಹಾಕಿದಾಗ ಹೇಗೆ ಎಂದು ಕೇಳಿದೆ. ಮನೆಯಲ್ಲಿ ಕೈ ಎತ್ತುವ ಸಂದರ್ಭವೇ ಇಲ್ಲವಂತೆ. ಗಾಯದ ಹೊಲಿಗೆ ಬಿಚ್ಚೀತು ಎಂದು ಯಾರೂ ಒಂದು ಚೊಂಬು ನೀರು ಎತ್ತಲೂ ಬಿಡುತ್ತಿರಲಿಲ್ಲ. ತಲೆ ಬಾಚುವುದೂ ಅತ್ತೆಯೇ. ಆಸ್ಪತ್ರೆಯಿಂದ ಮನೆಗೆ ಬರುವಾಗ ಕೈಗೆ ವ್ಯಾಯಾಮ ಬೇಕು ಅಂತ ಏನೋ ಹೇಳಿದ್ದರು, ಚೀಲದಲ್ಲಿ ಬರೆದದ್ದು ಉಂಟು ಎಂದೂ ಹೇಳಿದ ನೆನಪು, ಆದರೆ ಚೀಲದಲ್ಲಿ ಅಂಥದ್ದು ಎಂತದೂ ಇರಲಿಲ್ಲ ಎಂದರು. ಅಷ್ಟು ಸ್ಪಷ್ಟವಾಗಿ ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಕಂಕುಳ, ಅರ್ಧ ಇಂಚು.

ಮುಂದಿನ ವಾರ ತೋಡಾರಿನ ಒಬ್ಬರು ಬ್ಯಾರಿ ಹೆಂಗಸು ಅಂಗಡಿಗೆ ಬಂದರು. ಅವರಿಗೂ ಜನವರಿಯಲ್ಲೇ ಆಪರೇಷನ್ ಆದದ್ದು, ಅವರಿಗೂ ನಮ್ಮದೇ ಚೀಲ. ಈಗ ಮೊಮ್ಮಗಳ ಲಂಗ ಹೊಲಿಯಲು ಕೊಟ್ಟಿದ್ದರು. ನಾನು ಮೆಷಿನ್ನಿನಿಂದ ಏಳುವ ಮೊದಲೇ ಅವರು ಮೇಲಿನ ಕೊಕ್ಕೆಯಲ್ಲಿ ನೇತುಹಾಕಿದ್ದ ಲಂಗವನ್ನು ಕೈ ಎತ್ತಿ ತೆಗೆದರು. ಆಪರೇಷನ್ ಆದ ಕಡೆಯದ್ದೇ ಕೈ. ಕಿವಿಗೆ ತಾಗುವಷ್ಟು ನೆಟ್ಟಗೆ ಹೋಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಿಮ್ಮ ರವಿಕೆಯ ಕಂಕುಳ ಎಳೆಯುವುದಿಲ್ಲವಾ ಎಂದು ಕೇಳಿದೆ.

“ಸುರುವಿಗೆ ಜೀವ ಹೋದ ಹಾಗೆ ಆಗ್ತಿತ್ತು. ಆ ಚಿತ್ರದ ರಟ್ಟು ಕೊಟ್ಟದ್ದಲ್ವಾ ನೀವು, ಅದನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ. ದಿನಾ ಮೂರು ಸಲ ಬೆರಳನ್ನು ಗೋಡೆ ಹತ್ತಿಸ್ತೇನೆ. ಈಗ ಎಂತ ತೊಂದ್ರೆ ಇಲ್ಲ ಅಕ್ಕ.”

ಅವರ ಚೀಲ ಕೊಟ್ಟ ದಿನ ನೆನಪಾಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರೇ ಬಂದಿದ್ದರು. ಕರೆಂಟು ಇರಲಿಲ್ಲ, ಇಸ್ತ್ರಿ ಆಗಿರಲಿಲ್ಲ. ಅವಸರದಲ್ಲಿ ರವಿಕೆಯನ್ನು ಹಾಗೆಯೇ ಸುತ್ತಿ ಹಾಕಿ, ರಟ್ಟನ್ನು ಬೇರೆಯಾಗಿ ಕೈಗೆ ಕೊಟ್ಟಿದ್ದೆ. ಅಂಥ ಅಂದಗೇಡಿ ಚೀಲ ಕೊಟ್ಟೆನಲ್ಲ ಎಂದು ಆಗ ಬೇಸರಿಸಿಕೊಂಡಿದ್ದೆ. ಉಳಿದ ಇಪ್ಪತ್ತೆರಡೂ ನನ್ನ ಚಂದದ ಮಡಿಕೆಯಲ್ಲಿ ಹೋಗಿದ್ದವು.

ಹೊಸ ರವಿಕೆ ಬಿಚ್ಚುವಾಗ ಒಳಗಿನ ರಟ್ಟನ್ನು ಯಾರಾದರೂ ಓದುತ್ತಾರಾ? ಗುಂಡುಸೂಜಿ ತೆಗೆಯುತ್ತಾರೆ, ರಟ್ಟು ಎಳೆದು ಬಿಸಾಡುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ. ತೋಡಾರಿನವರು ಹೋದ ಮೇಲೆ ಉಳಿದಿದ್ದ ಕಟ್ಟಿನಿಂದ ಒಂದು ಹಾಳೆ ತೆಗೆದು ಓದಿದೆ. ಗೋಡೆಯ ಮೇಲೆ ಬೆರಳು ಹತ್ತಿಸುವುದು, ತಾನೇ ತಲೆ ಬಾಚುವುದು, ಬೈರಾಸನ್ನು ಬೆನ್ನ ಹಿಂದೆ ಹಿಡಿದು ಎಳೆಯುವುದು. ಮಾಡದಿದ್ದರೆ ಹೆಗಲು ಗಟ್ಟಿಯಾಗಿ ಕೈ ಮೇಲೆ ಹೋಗುವುದು ನಿಲ್ಲಬಹುದು ಎಂದು ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಬರೆದಿತ್ತು. ಇಷ್ಟು ದಿನ ನಾನು ಬಿಡಿಸುತ್ತಾ ಇದ್ದದ್ದು ರವಿಕೆಯನ್ನು. ಬಿಗಿಯಾದದ್ದು ಕೈ. ಬಿಗಿ ಮಾಡಿದ್ದು ನಾನು.

ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು, ಹೊಸ ರಟ್ಟು ಪೋಸ್ಟಿನಲ್ಲಿ ಕಳಿಸುವ, ಮೊದಲು ಹಾಕಲು ಬಿಟ್ಟು ಹೋಗಿತ್ತು ಅಂತ ಬರೆಯುವ, ನೀವು ನಿಮ್ಮ ಹೆಸರು ಹಾಳು ಮಾಡಿಕೊಳ್ಳಬೇಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೂ ಒಂದು ಕ್ಷಣ ಅದೇ ಸುಖ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅದು ಮೇ ತಿಂಗಳ ಮೊದಲ ವಾರ, ಯೂನಿಫಾರ್ಮಿನ ಬಟ್ಟೆ ಅಂಗಡಿಯಲ್ಲಿ ಸೊಂಟದ ಎತ್ತರಕ್ಕೆ ಪೇರಿಸಿತ್ತು. ಒಂದು ದಿನ ಬಾಗಿಲು ಹಾಕಿದರೆ ಹತ್ತು ದಿನ ಬೈಗುಳ ತಿನ್ನಬೇಕು. ಆದರೆ ಪೋಸ್ಟಿನಲ್ಲಿ ಬಂದ ಅಚ್ಚಿನ ಹಾಳೆಯನ್ನು ಎಷ್ಟು ಜನ ಓದುತ್ತಾರೆ, ಅಂಚೆಯಲ್ಲಿ ಇದ್ದವರು ನೀವೇ ಹೇಳಿ ಎಂದೆ.

ಮೇಡಂ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವವರನ್ನು ಕೇಳಿದರು. ತಡವಾಗಿದೆ, ಆದರೆ ಮುಗಿದು ಹೋಗಿಲ್ಲ, ಪ್ರತಿಯೊಬ್ಬರೂ ಒಮ್ಮೆ ಬಂದು ತೋರಿಸಿಕೊಳ್ಳಲಿ, ಜೋರು ಮಾಡುವುದು ಬೇಡ, ದಿನಾ ಸ್ವಲ್ಪ ಸ್ವಲ್ಪ ಮಾಡಲಿ ಎಂದರಂತೆ. ಇಪ್ಪತ್ತೆರಡು ಮನೆಗಳನ್ನು ನಾವು ಹಂಚಿಕೊಂಡೆವು. ಬಂಟ್ವಾಳದ ಕಡೆಗೆ ಮೇಡಂ, ಉಳಿದದ್ದು ನಾನು. ಮೊದಲ ದಿನ ಬಾಗಿಲು ಹಾಕಿ, ರಟ್ಟಿನ ಕಟ್ಟು ಹಿಡಿದುಕೊಂಡು ಟೀಚರರ ಮನೆಗೇ ಹೋದೆ. ಬಸ್ಸಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡೆ. ಅಲ್ಲಿ ಹೋಗಿ ಅವರ ಅತ್ತೆ ಕೊಟ್ಟ ಬೆಲ್ಲ ನೀರು ಕುಡಿಯುವಾಗ ಒಂದೂ ನೆನಪಿಗೆ ಬರಲಿಲ್ಲ. ರಟ್ಟನ್ನು ಮೇಜಿನ ಮೇಲೆ ಇಟ್ಟು, ಇದು ನಿಮ್ಮ ಚೀಲದಲ್ಲಿ ಇತ್ತು, ರವಿಕೆಯ ಒಳಗೆ ನಾನು ಇಟ್ಟಿದ್ದೆ, ನಿಮ್ಮ ಕೈ ಹೀಗಾದದ್ದು ಅದರಿಂದ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಟೀಚರ್ ರಟ್ಟನ್ನು ಪೂರ್ತಿ ಓದಿದರು. ಹಿಂದೆ ತಿರುಗಿಸಿದರು, ಮತ್ತೆ ಮೊದಲಿನಿಂದ ಓದಿದರು.

“ನಾನು ಟೀಚರ್, ಅಕ್ಕ. ಕಡ್ಲೆ ಕಟ್ಟಿದ ಕಾಗದವನ್ನೂ ಓದದೆ ಬಿಸಾಡುವವಳಲ್ಲ. ಇದನ್ನು ಓದ್ಲಿಲ್ಲ ನೋಡಿ. ರವಿಕೆಯ ಒಳಗಿನ ರಟ್ಟು ಅಂತ ಬಚ್ಚಲ ಒಲೆಗೆ ಹಾಕಿದೆ.” ಆಮೇಲೆ ರಟ್ಟನ್ನು ಮೇಜಿನ ಮೇಲೆ ಇಟ್ಟು, “ನಿಮ್ಮ ಮೇಲೆ ನನಗೆ ಸಿಟ್ಟು ಉಂಟು. ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ” ಎಂದರು.

ನಾನು ತಲೆ ತಗ್ಗಿಸಿ ಕೂತೆ. ಅಳು ಬಂತು. ಅಳುವ ಹಕ್ಕು ನನಗೆ ಎಲ್ಲಿಯದು ಎಂದು ಅದನ್ನೂ ನುಂಗಿದೆ. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಸೊಸೆಯನ್ನು ನೋಡುತ್ತಾ, ನಾನೂ ಕೈ ಎತ್ತಬೇಡ ಅಂತಲೇ ಹೇಳುತ್ತಿದ್ದೆನಲ್ಲ ಎಂದು ತುಳುವಿನಲ್ಲಿ ಮೆಲ್ಲಗೆ ಹೇಳಿಕೊಂಡರು. ಕೊನೆಗೆ ಟೀಚರೇ ಎದ್ದರು. ಶಾಲೆಗೆ ಎಷ್ಟು ದಿನ ಉಂಟು ಎಂದು ಕ್ಯಾಲೆಂಡರಿನಲ್ಲಿ ಎಣಿಸಿದರು. ನಾಲ್ಕು ವಾರಕ್ಕೆ ಎರಡು ದಿನ ಕಡಿಮೆ. ನನ್ನ ಚೀಲದಲ್ಲಿ ಇದ್ದ ಟೇಪನ್ನು ನಾನು ಅವರ ಪಡಸಾಲೆಯ ಗೋಡೆಗೆ ನೆಟ್ಟಗೆ ಮೊಳೆ ಹೊಡೆದು ಕೂರಿಸಿದೆ, ಸೊನ್ನೆ ನೆಲಕ್ಕೆ ತಾಗಿಸಿ. ಒಂದು ಟೇಪು ಸಾಲದೆ, ಮೇಲಕ್ಕೆ ಇನ್ನೊಂದು ತುಂಡು ಜೋಡಿಸಬೇಕಾಯಿತು. ಅವರ ಶಾಲೆಯ ಬೋರ್ಡಿನಲ್ಲಿ ದಿನಾಂಕ ಬರೆಯುವ ಜಾಗ ನೆಲದಿಂದ ಎಪ್ಪತ್ತೆರಡು ಇಂಚು. ಅವತ್ತು ಅವರ ಬೆರಳು ಹತ್ತಿದ್ದು ಐವತ್ತೆರಡಕ್ಕೆ.

ಉಳಿದ ಮನೆಗಳ ಸುದ್ದಿ ಬರೆದರೆ ಮುಗಿಯುವುದಿಲ್ಲ. ಕೆಲವರು ಬೈದರು, ಒಬ್ಬರು ಮಾತೇ ಆಡದೆ ಒಳಗೆ ಹೋದರು. ಇಬ್ಬರ ಕೈ ತನ್ನಷ್ಟಕ್ಕೇ ಸರಿ ಇತ್ತು, ಒಬ್ಬರು ಆಸ್ಪತ್ರೆಗೆ ವಾರ ವಾರ ಹೋಗಬೇಕಾಯಿತು. ನನ್ನ ತಪ್ಪು ಎಲ್ಲಿಗೆ ಮುಗಿಯಿತು, ಅವರವರ ಮೈಯ ಗುಣ ಎಲ್ಲಿಂದ ಸುರುವಾಯಿತು ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾರೂ ಅದನ್ನು ಖಚಿತವಾಗಿ ಹೇಳಲಿಲ್ಲ. ಟೀಚರ್ ಮಾತ್ರ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಕ್ಷೇಮ ಸಮಾಚಾರ ಏನಿಲ್ಲ, ಒಂದು ಸಂಖ್ಯೆ ಮಾತ್ರ. ಐವತ್ತಮೂರು. ಐವತ್ತಮೂರೂವರೆ. ಒಂದು ವಾರ ಐವತ್ತೆಂಟರಲ್ಲೇ ನಿಂತಿತು, ನನಗೆ ಊಟ ಸೇರಲಿಲ್ಲ. ಅವರ ಸಿಟ್ಟು ಹೋಗಿದೆಯಾ, ಇಲ್ಲವಾ, ನನಗೆ ಲೆಕ್ಕ ಒಪ್ಪಿಸಲಿಕ್ಕೆ ಫೋನ್ ಮಾಡುತ್ತಾರಾ, ನನ್ನನ್ನು ಸಮಾಧಾನ ಮಾಡಲಿಕ್ಕಾ, ತಲೆಬುಡ ಅರ್ಥವಾಗುತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಯೂನಿಫಾರ್ಮ್ ಕತ್ತರಿಸುತ್ತಾ ಫೋನಿನ ಮೇಲೆ ಒಂದು ಕಣ್ಣು ಇಟ್ಟಿರುತ್ತಿದ್ದೆ. ನಡುವೆ ಅವರಿಗೆ ಹೊಸ ಎರಡು ರವಿಕೆ ಹೊಲಿದೆ. ಈ ಸಲ ಅಳತೆ ರವಿಕೆ ಮುಟ್ಟಲಿಲ್ಲ, ಅವರ ಮೈಗೇ ಟೇಪು ಹಿಡಿದೆ. ಹತ್ತಿಯ ಉಂಡೆ ಮೇಲೆ ಏರದ ಹಾಗೆ ಭಾರಕ್ಕೆಂದು ಅದರ ಕೆಳಗೆ ಎರಡು ಪದರ ದಪ್ಪ ಬಟ್ಟೆ ಸೇರಿಸಿದೆ. ಕೊಡುವಾಗ ಮಡಚದೆ, ಹ್ಯಾಂಗರಿಗೆ ಹಾಕಿ ಕೊಟ್ಟೆ.

ಶಾಲೆ ಸುರುವಾಗುವ ಹಿಂದಿನ ಸಂಜೆ ಅರವತ್ತೆಂಟು ಎಂದರು. ನಾಲ್ಕು ಇಂಚು ಕಡಿಮೆ. ಒಂದು ಮಣೆ ಇಟ್ಟುಕೊಂಡು ಹತ್ತಿ ಬರೆಯಬಹುದಲ್ಲ ಎಂದೆ. ಹೂಂ, ನೋಡ್ತೇನೆ ಎಂದು ಇಟ್ಟರು.

ಮರುದಿನ ಮಧ್ಯಾಹ್ನ, ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಫೋನ್ ಬಂತು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಟೀಚರ್ ನಿಧಾನಕ್ಕೆ ಹೇಳಿದರು. ಮಣೆ ಇಡಲಿಲ್ಲ. ಕೈ ಹೋಗುವಷ್ಟಕ್ಕೇ ದಿನಾಂಕ ಬರೆದರು, ಮಾಮೂಲಿ ಜಾಗಕ್ಕಿಂತ ಕೆಳಗೆ. ಎರಡನೇ ಕ್ಲಾಸಿನಿಂದ ಬಂದ ಮಕ್ಕಳು, ಆದರೆ ಪಕ್ಕದ ಕೋಣೆಯಿಂದ ಟೀಚರರ ಬೋರ್ಡು ನೋಡಿ ಗೊತ್ತಿದ್ದವರು. ಎದುರು ಕೂತ ಒಬ್ಬಳು ಹುಡುಗಿ, ದಿನಾಂಕ ಯಾಕೆ ಕೆಳಗೆ ಬಂತು ಟೀಚರ್ ಎಂದು ಕೇಳಿದಳಂತೆ.

“ಎಂತದೋ ಒಂದು ಹೇಳಿ ದಾಟಿಸುವ ಅಂತ ಇದ್ದೆ ಅಕ್ಕ. ಬಾಯಿಗೆ ಬರ್ಲಿಲ್ಲ. ನನಗೆ ಎದೆಯ ಆಪರೇಷನ್ ಆಗಿದೆ, ಕೈ ಅಷ್ಟು ಮೇಲೆ ಹೋಗುವುದಿಲ್ಲ ಅಂತ ಹೇಳಿದೆ. ಅವಳು, ಹಾಗಾದ್ರೆ ನಾಳೆಯೂ ಕೆಳಗೆಯಾ ಅಂತ ಕೇಳಿದಳು. ಹೌದು, ನಾಳೆಯೂ ಕೆಳಗೆ ಅಂದೆ. ಎಲ್ಲ ಬರ್ಕೊಂಡ್ರು.”

ನನ್ನದು ದರ್ಜಿಯ ಬುದ್ಧಿ, ರವಿಕೆ ಹೇಗಾಯಿತು, ಎಲ್ಲಾದರೂ ಎಳೆಯಿತಾ ಎಂದು ಕೇಳಿದೆ.

“ರವಿಕೆಯ ನೆನಪೇ ಬರ್ಲಿಲ್ಲ ಅಕ್ಕ” ಎಂದರು.